ಅರ್ಧಕ್ಕೆ ನಿಂತ ಮಾತು

ಪ್ರಶ್ನೆ: ಮೇಡಂ, ‘ದಿ ಲಾಸ್ಟ್ ಆಫ್ ಅಸ್’ ಧಾರಾವಾಹಿಯ ಎರಡೂ ಸೀಸನ್ ನೋಡಿದೆ. ಜೋಯೆಲ್‌ನನ್ನು ಕೊಂದವಳನ್ನು ಹುಡುಕಿಕೊಂಡು ಆ ಹುಡುಗಿ ಸಿಯಾಟಲ್‌ಗೆ ಹೊರಟಾಗ ನಾನು ಸೋಫಾ ಮೇಲೆ ಕೂತು ‘ಹೋಗು, ಬಿಡಬೇಡ’ ಅಂದೆ. ಜೋರಾಗಿಯೇ ಅಂದೆ. ನಮ್ಮ ಯಜಮಾನರು ತಿರುಗಿ ನನ್ನ ಮುಖ ನೋಡಿದರು. ಆದರೆ ಅವಳು ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋದಾಗ ನನಗೆ ಖುಷಿ ಆಗಲಿಲ್ಲ, ಹೊಟ್ಟೆ ತೊಳಸಿದ ಹಾಗಾಯಿತು. ಸೇಡು ತೀರಿಸಿಕೊಂಡರೆ ದುಃಖ ಕಡಿಮೆ ಆಗುವುದಿಲ್ಲವಾ? ಹಾಗಿದ್ದರೆ ಅದು ಯಾಕೆ ಅಷ್ಟೊಂದು ಬೇಕು ಅನಿಸುತ್ತದೆ? ಅವನನ್ನು ಕೊಂದ ಆಬಿಯನ್ನು ನಾವು ಕ್ಷಮಿಸಬೇಕು ಅಂತ ಕಥೆ ಬರೆದವರು ಹೇಳುತ್ತಿದ್ದಾರಾ? ನನ್ನ ಅಣ್ಣ ಲಾರಿ ಅಪಘಾತದಲ್ಲಿ ಹೋಗಿ ಹದಿನಾಲ್ಕು ತಿಂಗಳಾಯಿತು. ಡ್ರೈವರ್ ಮೂರೇ ದಿನಕ್ಕೆ ಹೊರಗೆ ಬಂದ.

ಉತ್ತರ: ನಿಮ್ಮ ಪತ್ರ ಇದಕ್ಕಿಂತ ಉದ್ದವಿತ್ತು. ಗುರುತು ಸಿಗುವಂಥ ಮಾತುಗಳನ್ನು ತೆಗೆದು ಇಷ್ಟು ಉಳಿಸಿಕೊಂಡಿದ್ದೇನೆ. ಕೊನೆಯ ಎರಡು ಸಾಲು ಮೊದಲೇ ಬರಬೇಕಿತ್ತು ಅನಿಸಿತು. ಪರವಾಗಿಲ್ಲ, ನನ್ನ ಎದುರು ಬಂದು ಕೂರುವವರೂ ಹಾಗೆಯೇ. ಮುಕ್ಕಾಲು ಗಂಟೆ ಬಿಪಿ, ನಿದ್ದೆ, ಅತ್ತೆ ಮನೆ ಅಂತ ಮಾತಾಡುತ್ತಾರೆ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಬಂದ ವಿಷಯ ಹೇಳುತ್ತಾರೆ. ಸಾವು ಕಂಡ ಮನೆಗಳವರ ಜೊತೆ ಮಾತಾಡುವುದೇ ನನ್ನ ಕೆಲಸ. ಈ ಧಾರಾವಾಹಿಯನ್ನೂ ಆ ಕಣ್ಣಿನಿಂದಲೇ ನೋಡಿದೆ.

ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡೋಣ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಮುಂದೆ ಕಥೆಯೆಲ್ಲ ಬಯಲಾಗುತ್ತದೆ.

ಕಥೆಯ ಮೂಲ 2013ರ ಒಂದು ವಿಡಿಯೋ ಗೇಮ್. ಅದನ್ನು ಬರೆದ ನೀಲ್ ಡ್ರಕ್‌ಮನ್ ಮತ್ತು ಕ್ರೇಗ್ ಮೇಜಿನ್ ಸೇರಿ ಅಮೆರಿಕದ ಎಚ್‌ಬಿಓ ಚಾನೆಲ್‌ಗೆ ಧಾರಾವಾಹಿ ಮಾಡಿದರು. 2023ರ ಜನವರಿಯಲ್ಲಿ ಶುರುವಾದ ಮೊದಲ ಸೀಸನ್‌ಗೆ ಒಂಬತ್ತು ಕಂತು, 2025ರ ಏಪ್ರಿಲ್‌ನಲ್ಲಿ ಬಂದ ಎರಡನೆಯದಕ್ಕೆ ಏಳು. 2003ರಲ್ಲಿ ಒಂದು ಬೂಷ್ಟು ಮನುಷ್ಯರ ಮೈಯೊಳಗೆ ಹೊಕ್ಕು, ಹಿಡಿದವರನ್ನೆಲ್ಲ ಕಚ್ಚುವ ಪ್ರಾಣಿಗಳನ್ನಾಗಿ ಮಾಡುತ್ತದೆ. ಲೋಕ ಕುಸಿದು ಬೀಳುತ್ತದೆ. ಅದೇ ರಾತ್ರಿ ಟೆಕ್ಸಾಸ್‌ನ ಜೋಯೆಲ್ ತನ್ನ ಮಗಳು ಸಾರಾಳನ್ನು ಕಳೆದುಕೊಳ್ಳುತ್ತಾನೆ. ಅವಳನ್ನು ಕೊಂದದ್ದು ಬೂಷ್ಟು ಹಿಡಿದವರಲ್ಲ, ಒಬ್ಬ ಸೈನಿಕ. ಇಪ್ಪತ್ತು ವರ್ಷ ಆದಮೇಲೆ, ಬೂಷ್ಟು ತಗುಲಿದರೂ ಏನೂ ಆಗದ ಹದಿನಾಲ್ಕರ ಹುಡುಗಿಯನ್ನು ಅಮೆರಿಕದ ಈ ತುದಿಯಿಂದ ಇನ್ನೊಂದು ಕಡೆಗೆ ತಲುಪಿಸುವ ಕೆಲಸ ಅವನ ಪಾಲಿಗೆ ಬರುತ್ತದೆ. ಆ ಹುಡುಗಿಯ ಹೆಸರನ್ನು ‘ಎಲ್ಲಿ’ ಅಂತ ಬರೆದರೆ ಪ್ರತಿ ಸಾಲೂ ಪ್ರಶ್ನೆಯಾಗಿಬಿಡುತ್ತದೆ. ಹಾಗಾಗಿ ನಾನು ‘ಎಲಿ’ ಅಂತ ಬರೆಯುತ್ತೇನೆ, ಅಡ್ಜಸ್ಟ್ ಮಾಡಿಕೊಳ್ಳಿ.

ಇಂಥ ಬೂಷ್ಟು ನಿಜಕ್ಕೂ ಇದೆ. ಮನುಷ್ಯರಿಗೆ ಬರುವುದಿಲ್ಲ, ಕಾಡಿನ ಕೆಲವು ಇರುವೆಗಳಿಗೆ ಹಿಡಿಯುತ್ತದೆ. ಇರುವೆ ಗಿಡ ಹತ್ತಿ ಎಲೆಯನ್ನು ಕಚ್ಚಿ ಹಿಡಿದು ಅಲ್ಲೇ ಸಾಯುತ್ತದೆ. ಬೂಷ್ಟು ಇರುವೆಯ ಮೆದುಳಿಗೇ ಕೈ ಹಾಕುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದರು. 2017ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೆದುಳಿನೊಳಗೆ ಬೂಷ್ಟೇ ಇರಲಿಲ್ಲ. ಅದು ಸ್ನಾಯುಗಳ ಸುತ್ತ ಬಲೆಯ ಹಾಗೆ ಹೆಣೆದುಕೊಂಡಿತ್ತು. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಈಗ ಜೋಯೆಲ್ ಮಾಡಿದ ಕೆಲಸ. ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯಲ್ಲಿ ಎಲಿಯ ಮೆದುಳಿನಿಂದ ಔಷಧಿ ತಯಾರಿಸುವ ಆಸೆ ಇಟ್ಟುಕೊಂಡ ಒಂದು ಗುಂಪಿದೆ. ಆಪರೇಷನ್ ಮಾಡಿದರೆ ಅವಳು ಉಳಿಯುವುದಿಲ್ಲ. ಅವಳನ್ನು ಯಾರೂ ಕೇಳಿಲ್ಲ, ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟಿದ್ದಾರೆ. ಜೋಯೆಲ್ ಸಿಕ್ಕವರನ್ನೆಲ್ಲ ಗುಂಡಿಕ್ಕಿ ಕೊಂದು ಅವಳನ್ನು ಎತ್ತಿಕೊಂಡು ಬರುತ್ತಾನೆ. ಸತ್ತವರಲ್ಲಿ ಕೈಯಲ್ಲಿ ಬಂದೂಕಿಲ್ಲದ ಡಾಕ್ಟರೂ ಒಬ್ಬ. ಆಮೇಲೆ ಎಲಿ ಕೇಳಿದಾಗ ಸುಳ್ಳು ಹೇಳುತ್ತಾನೆ. ಆಣೆಯನ್ನೂ ಇಡುತ್ತಾನೆ.

ಇಲ್ಲಿ ಪ್ರೀತಿ ಯಾವುದು, ಕೊಲೆ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಈ ಧಾರಾವಾಹಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಮನುಷ್ಯರ ನಂಟು ಒಂದು ಕಡೆ, ಹಿಂಸೆ ಇನ್ನೊಂದು ಕಡೆ ಅಂತ ಇದು ಪಾಲು ಹಾಕುವುದಿಲ್ಲ. ಒಬ್ಬಳಿಗಾಗಿ ಲೋಕವನ್ನೇ ಬಿಟ್ಟುಕೊಟ್ಟ ಜೋಯೆಲ್ ಮೇಲೆ ನಮಗೆ ಸಿಟ್ಟು ಬರಲಿಲ್ಲ, ಅಲ್ವಾ? ನನಗಂತೂ ಬರಲಿಲ್ಲ. ನನ್ನ ಮಗಳಾಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ ಅಂದುಕೊಂಡೆ. ಆ ಡಾಕ್ಟರಿಗೂ ಒಬ್ಬಳು ಮಗಳಿದ್ದಾಳೆ ಅನ್ನುವುದು ಆಗ ತಲೆಗೇ ಬರಲಿಲ್ಲ.

ಆ ಮಗಳೇ ಆಬಿ. ಎರಡನೇ ಸೀಸನ್ ಅವಳಿಂದಲೇ ಶುರುವಾಗುತ್ತದೆ. ಸಮಾಧಿಗಳ ಮುಂದೆ ನಿಂತ ಐದು ಹರೆಯದವರು. ಕೊಲ್ಲುವಾಗ ನಿಧಾನವಾಗಿ ಕೊಲ್ಲಬೇಕು ಅನ್ನುತ್ತಾಳೆ ಅವಳು. 2020ರಲ್ಲಿ ಬಂದ ಎರಡನೇ ಗೇಮ್‌ನಲ್ಲಿ ಹೀಗಿರಲಿಲ್ಲ. ಅಲ್ಲಿ ಆಬಿ ಯಾರು, ಯಾಕೆ ಕೊಂದಳು ಅನ್ನುವುದು ಎಷ್ಟೋ ಹೊತ್ತು ಗೊತ್ತಾಗುವುದಿಲ್ಲ. ಧಾರಾವಾಹಿಯವರು ಅವಳ ದುಃಖವನ್ನು ಮೊದಲು ತೋರಿಸಿ, ಆಮೇಲೆ ಜೋಯೆಲ್‌ನನ್ನು ಹೊಡೆಯಲು ಅವಳ ಕೈಗೆ ಗಾಲ್ಫ್ ಕೋಲು ಕೊಟ್ಟರು. ಅಪ್ಪನನ್ನು ಮೋಸದಲ್ಲಿ ಕಳೆದುಕೊಂಡ ಅಶ್ವತ್ಥಾಮ ರಾತ್ರೋರಾತ್ರಿ ಏನು ಮಾಡಿದ ಅಂತ ಚಿಕ್ಕಂದಿನಿಂದ ಕೇಳಿದ ನಮಗೆ ಆಬಿ ಹೊಸಬಳಲ್ಲ. ಅವನನ್ನು ನಾವು ಕ್ಷಮಿಸಿಲ್ಲ. ಅವನಿಗೆ ಹಾಗೆ ಯಾಕಾಯಿತು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಆಬಿಯ ವಿಷಯದಲ್ಲೂ ನಮ್ಮಿಂದ ಕೇಳುತ್ತಿರುವುದು ಅಷ್ಟೇ ಅನಿಸುತ್ತದೆ. ಕ್ಷಮಿಸುವ ಕೆಲಸವನ್ನು ಯಾರೂ ನಿಮ್ಮ ತಲೆಗೆ ಕಟ್ಟಿಲ್ಲ.

ಆಬಿಯಾಗಿ ನಟಿಸಿದ ಕೈಟ್ಲಿನ್ ಡೆವರ್ 2024ರ ಆರಂಭದಲ್ಲಿ ತಮ್ಮ ಅಮ್ಮನನ್ನು ಕಳೆದುಕೊಂಡರು. ಅಂತ್ಯಕ್ರಿಯೆ ಮುಗಿದ ಕೆಲವೇ ದಿನಕ್ಕೆ ಶೂಟಿಂಗಿಗೆ ಹೋಗಬೇಕಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಇದು ಗೊತ್ತಾದ ಮೇಲೆ ಆ ಕಂತನ್ನು ಮತ್ತೊಮ್ಮೆ ನೋಡಿದೆ. ಜೋಯೆಲ್‌ನನ್ನು ಹೊಡೆಯುವಾಗ ಅವಳ ಮುಖದಲ್ಲಿ ಗೆದ್ದ ಕಳೆ ಎಲ್ಲೂ ಇಲ್ಲ. ಐದು ವರ್ಷ ಕಾದು, ಊರು ದಾಟಿ ಬಂದು, ಬೇಕಾದದ್ದು ಕೈಗೆ ಸಿಕ್ಕಿದೆ. ಮುಖ ಮಾತ್ರ ಏನೂ ಸಿಗದವಳದ್ದು.

ಇನ್ನು ಎಲಿ. ಜ್ಯಾಕ್ಸನ್ ಅನ್ನುವ ಊರಲ್ಲಿ ಅವಳು, ಜೋಯೆಲ್ ಬೇರೆ ಬೇರೆ ಇದ್ದಾರೆ, ಮಾತು ಅಷ್ಟಕ್ಕಷ್ಟೇ. ಸುಳ್ಳಿನ ವಾಸನೆ ಅವಳಿಗೆ ಬಡಿದಿದೆ. ಹೊಸ ವರ್ಷದ ಹಿಂದಿನ ರಾತ್ರಿ ಅವನ ಮನೆ ಜಗಲಿಯಲ್ಲಿ ಇಬ್ಬರೂ ನಿಂತು ಕೊನೆಗೂ ಮಾತಾಡುತ್ತಾರೆ. ಆಸ್ಪತ್ರೆಯಲ್ಲಿ ಏನಾಯಿತು ಅಂತ ಜೋಯೆಲ್ ಒಪ್ಪಿಕೊಳ್ಳುತ್ತಾನೆ, ಅಳುತ್ತಾನೆ. ಮತ್ತೆ ಅದೇ ಗಳಿಗೆ ಬಂದರೆ ಅದನ್ನೇ ಮಾಡುತ್ತೇನೆ ಅನ್ನುತ್ತಾನೆ. ಎಲಿ ಕೊಡುವ ಉತ್ತರ ಇದು: ನಿನ್ನನ್ನು ಕ್ಷಮಿಸಲು ಆಗುತ್ತದೆ ಅನಿಸುವುದಿಲ್ಲ, ಆದರೆ ಪ್ರಯತ್ನ ಮಾಡಬೇಕು ಅಂತ ಆಸೆ.

ಬೆಳಗಾದರೆ ಜೋಯೆಲ್ ಇಲ್ಲ.

ಗೇಮ್‌ನಲ್ಲಿ ಈ ಜಗಲಿಯ ಮಾತು ತೀರಾ ಕೊನೆಗೆ ಬರುತ್ತದೆ. ಧಾರಾವಾಹಿಯಲ್ಲಿ ಆರನೇ ಕಂತಿಗೇ ತಂದಿದ್ದಾರೆ, ಎಲಿ ಆಗಲೇ ಆಬಿಯ ಜೊತೆಯವಳೊಬ್ಬಳನ್ನು ಹೊಡೆದು ಸಾಯಲು ಬಿಟ್ಟು ಬಂದ ಮೇಲೆ. ಗೇಮ್ ಆಡಿದವರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ, ಗುಟ್ಟು ಬೇಗ ಬಿಟ್ಟುಕೊಟ್ಟರು ಅಂದರು. ನನಗೆ ಇದೇ ಸರಿ ಅನಿಸಿತು. ಅವಳ ಸೇಡಿನ ಬೇರು ಎಲ್ಲಿದೆ ಅಂತ ನಾವು ತಿಳಿದುಕೊಂಡು, ಮುಂದಿನ ಕೊಲೆಗಳನ್ನು ನೋಡುವ ಹಾಗಾಯಿತು. ಅವಳಿಗೆ ಮಾತಾಡಬೇಕಾಗಿದ್ದು ಜೋಯೆಲ್ ಹತ್ತಿರ. ಬೈಯಬೇಕಿತ್ತು, ಇನ್ನೊಂದಷ್ಟು ತಿಂಗಳು ಮುಖ ತಿರುಗಿಸಬೇಕಿತ್ತು, ಆಮೇಲೆ ಒಂದು ದಿನ ಸುಮ್ನೆ ಹೋಗಿ ಗಿಟಾರ್ ಹಿಡಿದು ಪಕ್ಕದಲ್ಲಿ ಕೂರಬೇಕಿತ್ತು. ಅದಕ್ಕೆಲ್ಲ ಜೋಯೆಲ್ ಬದುಕಿರಬೇಕು. ಅವನಿಲ್ಲ, ಆಬಿ ಇದ್ದಾಳೆ. ಅವಳಿಗೊಂದು ಊರಿದೆ, ವಿಳಾಸವಿದೆ, ಅಲ್ಲಿಗೆ ಕುದುರೆ ಹತ್ತಿ ಹೋಗಬಹುದು. ದುಃಖಕ್ಕೆ ಹೋಗಲು ಜಾಗ ಇರುವುದಿಲ್ಲ ನೋಡಿ. ಸೇಡಿಗೆ ಇರುತ್ತದೆ. ಅದು ಯಾಕೆ ಅಷ್ಟು ಬೇಕು ಅನಿಸುತ್ತದೆ ಅಂತ ಕೇಳಿದಿರಿ. ನನಗೆ ತಿಳಿದ ಉತ್ತರ ಇದು.

ಗೇಲ್ ಅನ್ನುವ ಪಾತ್ರದ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಆ ಊರಿನ ಕೌನ್ಸೆಲರ್ ಅವಳು. ಫೀಸಿಗೆ ಗಾಂಜಾ ತೆಗೆದುಕೊಳ್ಳುತ್ತಾಳೆ, ಜೋಯೆಲ್ ಎದುರಿಗೇ ಕುಡಿಯುತ್ತಾಳೆ. ನಮ್ಮ ವೃತ್ತಿಯವರು ನೋಡಿದರೆ ತಲೆ ಚಚ್ಚಿಕೊಳ್ಳಬೇಕು. ಆದರೆ ಅವಳ ಗಂಡ ಯೂಜೀನ್‌ನ ಕಥೆ ಬಿಟ್ಟರೆ ಎಲಿಯ ಕಥೆ ಪೂರ್ತಿ ತಿಳಿಯುವುದಿಲ್ಲ. ಯೂಜೀನ್‌ಗೆ ಬೂಷ್ಟು ಹಿಡಿದವರು ಕಚ್ಚುತ್ತಾರೆ, ಇನ್ನು ಸ್ವಲ್ಪ ಹೊತ್ತು ಅಷ್ಟೇ. ಹೆಂಡತಿಯ ಮುಖ ಒಮ್ಮೆ ನೋಡಬೇಕು ಅಂತ ಬೇಡುತ್ತಾನೆ. ಕರೆದುಕೊಂಡು ಹೋಗುತ್ತೇನೆ ಅಂತ ಜೋಯೆಲ್ ಎಲಿಗೆ ಮಾತು ಕೊಡುತ್ತಾನೆ. ಅವಳನ್ನು ಕುದುರೆ ತರಲು ಕಳಿಸಿ, ಅವನನ್ನು ಕೆರೆ ದಂಡೆಗೆ ಕರೆದೊಯ್ದು ಗುಂಡು ಹೊಡೆಯುತ್ತಾನೆ. ಗೇಲ್‌ಗೆ ಬೇರೆಯೇ ಕಥೆ ಕಟ್ಟುತ್ತಾನೆ. ಎಲಿ ಅಲ್ಲೇ ನಿಂತು ಅದು ಸುಳ್ಳು ಅನ್ನುತ್ತಾಳೆ. ಗೇಲ್ ಅವನ ಕೆನ್ನೆಗೆ ಬಾರಿಸುತ್ತಾಳೆ. ಗುಂಡು ಹೊಡೆಯದೆ ಬೇರೆ ದಾರಿ ಇರಲಿಲ್ಲ ಅಂತ ಅವಳಿಗೆ ಗೊತ್ತು. ಕೊನೆಯ ಮಾತನ್ನು ಕಿತ್ತುಕೊಂಡನಲ್ಲ, ಅದನ್ನು ಮಾತ್ರ ನುಂಗಲು ಆಗುವುದಿಲ್ಲ. ಎಲಿ ಸಿಯಾಟಲ್‌ಗೆ ಹೊತ್ತುಕೊಂಡು ಹೋದದ್ದೂ ಇಂಥದ್ದೇ ಹೊರೆ.

ಗೇಲ್ ಯಾರನ್ನೂ ಕೊಲ್ಲಲು ಹೋಗುವುದಿಲ್ಲ. ನಿನ್ನನ್ನು ಕಂಡರೆ ನನಗೆ ಆಗುವುದಿಲ್ಲ, ಕ್ಷಮಿಸಲು ನೋಡಿದೆ, ಆಗಲಿಲ್ಲ ಅಂತ ಜೋಯೆಲ್ ಮುಖಕ್ಕೇ ಹೇಳುತ್ತಾಳೆ. ಹೇಳಿಯೂ ಅವನ ಎದುರು ಕೂರುತ್ತಾಳೆ. ಕ್ಷಮೆ ಇಲ್ಲ, ಸೇಡೂ ಇಲ್ಲ, ಒಂದೇ ಊರಲ್ಲಿ ಇಬ್ಬರ ಬದುಕೂ ನಡೆಯುತ್ತದೆ. ನಿಜ ಜೀವನದಲ್ಲಿ ನಾನು ಕಂಡಿರುವ ಹೆಚ್ಚಿನವರ ಬದುಕು ಹೀಗೆಯೇ. ಇದನ್ನು ಯಾರೂ ಕಥೆ ಮಾಡುವುದಿಲ್ಲ, ಇಲ್ಲಿ ಮಾಡಿದ್ದಾರೆ.

ಸೇಡು ತೀರಿಸಿಕೊಂಡರೆ ದುಃಖ ಇಳಿಯುತ್ತದೆಯಾ ಅನ್ನುವುದಕ್ಕೆ ಬರೋಣ. ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2004ರಲ್ಲಿ ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್‌ನಲ್ಲಿ ಜನರ ಕೈಗೆ ದುಡ್ಡು ಕೊಟ್ಟು ಒಂದು ಆಟ ಆಡಿಸಿದರು. ನಂಬಿಸಿ ಮೋಸ ಮಾಡಿದವನಿಗೆ ದಂಡ ಹಾಕುವ ಅವಕಾಶ ಕೊಟ್ಟು, ಆಗ ಮೆದುಳಿನಲ್ಲಿ ಏನಾಗುತ್ತದೆ ಅಂತ ಸ್ಕ್ಯಾನ್ ಮಾಡಿದರು. ಏನಾದರೂ ಒಳ್ಳೆಯದು ಸಿಗುತ್ತದೆ ಅನ್ನುವಾಗ ಚುರುಕಾಗುವ ಭಾಗವೇ ಆಗಲೂ ಚುರುಕಾಯಿತು. ನೀವು ಸೋಫಾ ಮೇಲೆ ಕೂತು ‘ಹೋಗು’ ಅಂದದ್ದು ಅದೇ. ನಿಮ್ಮೊಳಗೆ ರಾಕ್ಷಸಿ ಕೂತಿಲ್ಲ, ಎಲ್ಲರ ತಲೆಯೂ ಹಾಗೇ ಇದೆ.

ಆಮೇಲಿನ ಕಥೆಯನ್ನು 2008ರಲ್ಲಿ ಕೆವಿನ್ ಕಾರ್ಲ್‌ಸ್ಮಿತ್, ತಿಮೋತಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ನೋಡಿದರು. ಇಲ್ಲೂ ದುಡ್ಡಿನ ಆಟ, ಇಲ್ಲೂ ಒಬ್ಬ ಮೋಸಗಾರ. ಕೆಲವರಿಗೆ ಅವನಿಗೆ ದಂಡ ಹಾಕಲು ಬಿಟ್ಟರು, ಕೆಲವರಿಗೆ ಬಿಡಲಿಲ್ಲ. ದಂಡ ಹಾಕಿದರೆ ಮನಸ್ಸಿಗೆ ಹಾಯೆನಿಸುತ್ತದೆ ಅಂತ ಜನ ಅಂದುಕೊಂಡಿದ್ದರು. ಆದದ್ದು ಉಲ್ಟಾ. ದಂಡ ಹಾಕಿದವರ ಮನಸ್ಸೇ ಜಾಸ್ತಿ ಕೆಟ್ಟಿತ್ತು, ಯಾಕೆಂದರೆ ಅವರು ಆ ಮೋಸಗಾರನ ಬಗ್ಗೆಯೇ ಯೋಚಿಸುತ್ತಾ ಉಳಿದರು. ಅವಕಾಶ ಸಿಗದವರು ಹೋಗಲಿ ಬಿಡು ಅಂತ ಮುಂದೆ ಹೋದರು. ಪುಡಿಗಾಸಿನ ಆಟವನ್ನೂ ಒಂದು ಸಾವನ್ನೂ ಒಂದೇ ತಕ್ಕಡಿಗೆ ಹಾಕಬಾರದು, ಗೊತ್ತು. ಆದರೂ ನನ್ನ ಅನುಭವಕ್ಕೆ ಇದು ಹೊಂದುತ್ತದೆ.

ನಮ್ಮ ಮಾತಿನಲ್ಲೇ ಇದರ ಸುಳಿವಿದೆ. ಸೇಡು ತೀರಿಸುವುದಕ್ಕೆ ಮುಯ್ಯಿ ತೀರಿಸುವುದು ಅಂತಲೂ ಅನ್ನುತ್ತೇವೆ. ಮದುವೆ ಮನೆಯಲ್ಲಿ ಓದಿಸುವುದೂ ಮುಯ್ಯಿಯೇ. ಅವರು ಐನೂರು ಹಾಕಿದ್ದರೆ ಅಮ್ಮ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಮದುವೆಗೆ ಐನೂರೊಂದು ಹಾಕುತ್ತಿದ್ದಳು. ಸಮ ಮಾಡಿದರೆ ಕಡಿಮೆ ಮಾಡಿದ ಹಾಗೆ. ಒಂದು ರೂಪಾಯಿ ಜಾಸ್ತಿ ಇರಲೇಬೇಕು. ಈ ಕಥೆಯಲ್ಲೂ ಅದೇ ಲೆಕ್ಕ. ಆಬಿಯ ಅಪ್ಪನಿಗೆ ಒಂದೇ ಗುಂಡು ಬಿತ್ತು, ಜೋಯೆಲ್‌ಗೆ ಅಷ್ಟು ಸುಲಭದ ಸಾವು ಸಿಗಲಿಲ್ಲ. ಜೋಯೆಲ್ ಒಬ್ಬನ ಬದಲಿಗೆ ಎಲಿಯ ಕೈಯಲ್ಲಿ ಆಬಿಯ ಜೊತೆಗಾರರಾದ ನೋರಾ, ಓವನ್, ಮೆಲ್, ಮೆಲ್‌ಳ ಹೊಟ್ಟೆಯಲ್ಲಿದ್ದ ಮಗು. ಆಬಿ ಒಬ್ಬಳೇ ಸಿಗಲಿಲ್ಲ.

ನೋರಾಳನ್ನು ಎಲಿ ಸಿಯಾಟಲ್‌ನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪೈಪಿನಿಂದ ಹೊಡೆಯುತ್ತಾಳೆ. ವಾಪಸ್ ಬಂದು ಗೆಳತಿ ಡೀನಾ ಹತ್ತಿರ ಹೇಳುವ ಮಾತು ಕೇಳಿ ನನ್ನ ಕೈ ತಣ್ಣಗಾಯಿತು. ಕಷ್ಟ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ, ಸುಲಭವಾಗಿತ್ತು ಅನ್ನುತ್ತಾಳೆ. ಆ ಇರುವೆ ನೆನಪಾಯಿತು. ತಲೆಯೊಳಗೆ ಬೂಷ್ಟು ಹೊಕ್ಕಿಲ್ಲ. ಕೈಕಾಲು ಮಾತ್ರ ಬೇರೆ ಯಾರದ್ದೋ ಹಿಡಿತದಲ್ಲಿ. ಎಲಿಯಾಗಿ ನಟಿಸಿದ ಬೆಲ್ಲಾ ರ‍್ಯಾಮ್ಸಿ ಆ ದೃಶ್ಯದಲ್ಲಿ ಅಳುವುದಿಲ್ಲ, ಕೂಗುವುದಿಲ್ಲ. ಒಳಗಿನಿಂದ ಯಾರೋ ದೀಪ ಆರಿಸಿದ ಹಾಗೆ ಕೂರುತ್ತಾರೆ. ನಿಮ್ಮ ಹೊಟ್ಟೆ ತೊಳಸಿದ್ದು ಅಲ್ಲೇ ಇರಬೇಕು. ಅದು ಒಳ್ಳೆಯ ಸೂಚನೆ ಅಂತ ನಾನು ತಿಳಿಯುತ್ತೇನೆ.

ಈಗ ಅಣ್ಣನನ್ನು ಕಳೆದುಕೊಂಡ ಇಬ್ಬರ ವಿಷಯ. ನೀವು ಪತ್ರದ ತುಂಬ ಎಲಿಯನ್ನೇ ನೋಡಿದ್ದೀರಿ. ನನಗೆ ನಿಮ್ಮ ಪತ್ರ ಓದಿದಾಗ ನೆನಪಾದದ್ದು ಕ್ಯಾಥ್ಲೀನ್ ಮತ್ತು ಟಾಮಿ.

ಕ್ಯಾಥ್ಲೀನ್ ಮೊದಲ ಸೀಸನ್‌ನವಳು, ಕ್ಯಾನ್ಸಸ್ ಸಿಟಿಯಲ್ಲಿ ಸರ್ಕಾರದ ಸೈನ್ಯವನ್ನು ಓಡಿಸಿದ ದಂಗೆಯ ನಾಯಕಿ. ಅವಳಿಗೆ ಮೈಕಲ್ ಅಂತ ಒಡಹುಟ್ಟಿದವನು. ಹೆನ್ರಿ ಅನ್ನುವ ಹುಡುಗ ಅವನನ್ನು ಸೈನ್ಯಕ್ಕೆ ಹಿಡಿದುಕೊಟ್ಟಿರುತ್ತಾನೆ. ಹೆನ್ರಿಗೂ ಕಾರಣವಿದೆ. ಅವನ ಪುಟ್ಟ ತಮ್ಮ ಸ್ಯಾಮ್‌ಗೆ ರಕ್ತದ ಕ್ಯಾನ್ಸರ್, ಔಷಧಿ ಸೈನ್ಯದವರ ಕೈಯಲ್ಲಿ. ಸಾಯುವ ಮೊದಲು ಮೈಕಲ್ ಅವನನ್ನು ಕ್ಷಮಿಸಿಬಿಡು ಅಂದಿರುತ್ತಾನೆ. ಚಿಕ್ಕಂದಿನಲ್ಲಿ ತಾವಿಬ್ಬರೂ ಮಲಗುತ್ತಿದ್ದ ಕೋಣೆಯಲ್ಲಿ ನಿಂತು ಕ್ಯಾಥ್ಲೀನ್ ಇದನ್ನು ಹೇಳುತ್ತಾಳೆ. ಅವನು ಒಳ್ಳೆಯವನು, ನಾನು ಅಲ್ಲ ಅನ್ನುತ್ತಾಳೆ. ಊರಿನ ಒಂದು ಕಟ್ಟಡದಲ್ಲಿ ನೆಲ ಉಸಿರಾಡುವ ಹಾಗೆ ಮೇಲೆ ಕೆಳಗೆ ಆಗುತ್ತಿದೆ, ಕೆಳಗಡೆ ಏನೋ ಇದೆ ಅಂತ ಜೊತೆಯವನು ತೋರಿಸಿದರೆ, ಆಮೇಲೆ ನೋಡೋಣ, ಮೊದಲು ಹೆನ್ರಿ ಸಿಗಲಿ ಅಂತಾಳೆ. ಹೆನ್ರಿ ಸಿಗುವ ಹೊತ್ತಿಗೆ ನೆಲ ಬಾಯಿ ಬಿಡುತ್ತದೆ. ಅವಳು, ಅವಳನ್ನು ನಂಬಿ ಬಂದವರು ಎಲ್ಲರೂ ಹೋಗುತ್ತಾರೆ. ಆ ನೆಲದ ದೃಶ್ಯ ನನಗೆ ಮರೆಯುವುದಿಲ್ಲ. ಹಗೆ ಹಿಡಿದ ಮನೆಗಳಲ್ಲಿ ನಾನು ಇದನ್ನು ಬೇರೆ ರೂಪದಲ್ಲಿ ಕಂಡಿದ್ದೇನೆ. ಕೋರ್ಟಿನ ತಾರೀಖು ಬಾಯಿಪಾಠ ಇರುತ್ತದೆ, ಮಗ ಎರಡು ತಿಂಗಳಿಂದ ಕಾಲೇಜಿಗೆ ಹೋಗುತ್ತಿಲ್ಲ ಅನ್ನುವುದು ಗೊತ್ತಿರುವುದಿಲ್ಲ.

ಟಾಮಿ ಜೋಯೆಲ್‌ನ ತಮ್ಮ. ಅಣ್ಣ ಸಾಯುವ ದಿನವೇ ಬೂಷ್ಟು ಹಿಡಿದವರ ದಂಡು ಊರಿಗೆ ನುಗ್ಗಿರುತ್ತದೆ, ಅವನು ಊರು ಉಳಿಸುವ ಕೆಲಸದಲ್ಲಿರುತ್ತಾನೆ. ಎರಡನೇ ಸೀಸನ್‌ನ ಮೂರನೇ ಕಂತಿನ ಶುರುವಿನಲ್ಲಿ ಹೆಣಗಳನ್ನಿಟ್ಟ ಕೋಣೆಯಲ್ಲಿ ಅವನು ಅಣ್ಣನ ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾನೆ. ಆಮೇಲೆ ಒಂದೇ ಒಂದು ಮಾತು ಹೇಳುತ್ತಾನೆ. ನಮ್ಮ ಮನೆಗಳಲ್ಲಿ ಹೇಳುವ ಹಾಗೆ ಹೇಳಿದರೆ, ‘ಸಾರಾನ ಕೇಳಿದೆ ಅಂತ ಹೇಳು.’ ಊರಿಗೆ ಹೊರಟವರ ಹತ್ತಿರ ಹೇಳಿ ಕಳಿಸುವ ಹಾಗೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಅಲ್ಲಿ ಅತ್ತೆ.

ಟಾಮಿಗೆ ಸಿಟ್ಟಿಲ್ಲ ಅಂತಲ್ಲ. ಹಂತಕರನ್ನು ಹಿಡಿಯಲು ಜನ ಕಳಿಸೋಣ ಅನ್ನುವ ಎಲಿಯ ಮಾತನ್ನು ಊರಿನ ಮಂಡಳಿಯ ಮುಂದೆ ಇಡೋಣ ಅನ್ನುತ್ತಾನೆ. ಮಂಡಳಿ ಒಪ್ಪುವುದಿಲ್ಲ. ಅಲ್ಲಿ ಎದ್ದು ನಿಂತು ಸೇಡಿನ ಪರ ಜೋರಾಗಿ ಮಾತಾಡುವವನು ಸೇತ್. ಈ ಸೀಸನ್‌ನ ಮೊದಲ ಕಂತಿನಲ್ಲಿ ಎಲಿ, ಡೀನಾ ಕುಣಿಯುತ್ತಾ ಮುತ್ತಿಟ್ಟದ್ದಕ್ಕೆ ಅವರನ್ನು ಹೀನಾಯವಾಗಿ ಬೈದವನು ಇವನೇ. ಎಲಿಗೆ ದಾರಿಯ ಸಾಮಾನನ್ನೂ ಕೊಡುತ್ತಾನೆ. ಸೇಡಿಗೆ ಹುರಿದುಂಬಿಸುವವರಲ್ಲಿ ಎಷ್ಟೋ ಜನ ಇಂಥವರೇ. ನಿಮ್ಮ ಸುತ್ತಲೂ ಒಬ್ಬಿಬ್ಬರು ಇರಬಹುದು, ‘ಸುಮ್ನೆ ಬಿಟ್ಟುಬಿಡ್ತೀರಾ’ ಅಂತ ಫೋನಲ್ಲಿ ಕೇಳುವವರು. ಎಲಿ ರಾತ್ರಿ ಕದ್ದು ಹೋದಾಗ ಟಾಮಿ ಅವಳ ಹಿಂದೆ ಹೋಗುವುದು ಅವಳನ್ನು ಮನೆಗೆ ಕರೆತರಲು. ಗೇಮ್‌ನಲ್ಲಿ ಮೊದಲು ಸೇಡಿಗೆ ಹೊರಡುವವನು ಇದೇ ಟಾಮಿ. ಧಾರಾವಾಹಿಯವರು ಅವನಿಗೆ ಹೆಂಡತಿ, ಪುಟ್ಟ ಮಗ, ನಡೆಸಬೇಕಾದ ಊರು ಕೊಟ್ಟು ಅವನ ಕಾಲು ಕಟ್ಟಿದ್ದಾರೆ. ನನಗೆ ಈ ಬದಲಾವಣೆ ಇಷ್ಟವಾಯಿತು. ಅವನು ಎಲಿಗಿಂತ ದೊಡ್ಡ ಮನಸ್ಸಿನವನು ಅಂತ ಯಾರೂ ಹೇಳುವುದಿಲ್ಲ. ಸಂಜೆ ಮನೆಗೆ ಬರಬೇಕಾದ ಗತಿ ಇದೆ, ಅಷ್ಟೇ.

ಎಲಿಗೂ ಅದು ಇತ್ತು. ಡೀನಾ ಗರ್ಭಿಣಿ, ಮಗುವನ್ನು ಇಬ್ಬರೂ ಸೇರಿ ಸಾಕುವ ಮಾತಾಗಿದೆ. ಆಸ್ಪತ್ರೆಯಲ್ಲಿ ಜೋಯೆಲ್ ಏನು ಮಾಡಿದ್ದ, ಆಬಿ ಯಾರ ಮಗಳು ಅನ್ನುವುದು ಗೊತ್ತಾದ ಕೂಡಲೇ ಡೀನಾ ಅನ್ನುವುದು, ನಾವು ಮನೆಗೆ ಹೋಗಬೇಕು. ಹಾಗೆ ಅನ್ನುವ ಡೀನಾಳ ಕೈಯಲ್ಲೂ ರಕ್ತವಿದೆ. ಅಮ್ಮ, ಅಕ್ಕನನ್ನು ಕೊಂದವನನ್ನು ಅವಳು ಎಂಟು ವರ್ಷದವಳಿದ್ದಾಗ ಗುಂಡಿಕ್ಕಿ ಕೊಂದಿದ್ದಾಳೆ. ಊರಿನವರ ಮಾತು ಕೇಳು ಅಂತ, ಹುಡುಕಿಕೊಂಡು ಬಂದ ಗೆಳೆಯ ಜೆಸ್ಸಿ ಹೇಳಿದಾಗ, ನನ್ನ ಊರು, ನನ್ನವರು ಅಂತ ಇದ್ದದ್ದು ಅವನೊಬ್ಬ, ಅವನನ್ನು ನನ್ನ ಕಣ್ಣೆದುರೇ ಹೊಡೆದು ಕೊಂದರು ಅನ್ನುವ ಅರ್ಥದಲ್ಲಿ ಎಲಿ ಕೂಗುತ್ತಾಳೆ. ಎದುರಿಗೆ ನಿಂತವನು ಅವಳಿಗಾಗಿ ಮಳೆಯಲ್ಲಿ, ಗುಂಡಿನ ನಡುವೆ ಅಷ್ಟು ದೂರ ಬಂದಿದ್ದಾನೆ. ಕಾಣುವುದೇ ಇಲ್ಲ ಅವಳಿಗೆ. ಆ ಕಂತು ಮುಗಿಯುವ ಹೊತ್ತಿಗೆ ಜೆಸ್ಸಿಯೂ ಇಲ್ಲ, ಆಬಿಯ ಗುಂಡಿಗೆ ಸಾಯುತ್ತಾನೆ. ನಿನ್ನನ್ನು ಬದುಕಲಿಕ್ಕೆ ಬಿಟ್ಟೆ, ನೀನು ಅದನ್ನು ಹಾಳು ಮಾಡಿಕೊಂಡೆ ಅಂತ ಆಬಿ ಹೇಳುತ್ತಾಳೆ. ಹೇಳುವ ಹಕ್ಕು ಅವಳಿಗಿದೆಯಾ ಅನ್ನುವುದು ಬೇರೆ ಮಾತು.

ನೋಡಮ್ಮ, ಇನ್ನು ನಿಮ್ಮ ವಿಷಯ.

ಒಂದು, ಮೂರು ದಿನಕ್ಕೆ ಡ್ರೈವರ್ ಹೊರಗೆ ಬಂದದ್ದು. ನಾನು ವಕೀಲೆಯಲ್ಲ, ಆದರೆ ಇದು ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಅಜಾಗರೂಕ ಚಾಲನೆಯಿಂದ ಸಾವಾದ ಕೇಸು ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ಜಾಮೀನು ಸಿಗುವಂಥದ್ದು. ಹಿಂದಿನ ಕಾನೂನಿನಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಜಾಮೀನು ಸಿಕ್ಕಿತು ಅಂದರೆ ಕೇಸು ಮುಗಿಯಿತು ಅಂತಲ್ಲ, ನಿಮ್ಮ ಅಣ್ಣನ ಜೀವಕ್ಕೆ ಬೆಲೆಯಿಲ್ಲ ಅಂತಲೂ ಅಲ್ಲ. ಕೇಸು ನಡೆಸಿ, ಪರಿಹಾರದ ಅರ್ಜಿ ಹಾಕಿಲ್ಲದಿದ್ದರೆ ಈ ವಾರವೇ ವಕೀಲರನ್ನು ಕಾಣಿ. ನ್ಯಾಯ ಕೇಳುವುದು ಸೇಡಲ್ಲ. ತಾರೀಖು ಬಂದ ದಿನ ಅದರ ಬಗ್ಗೆ ಯೋಚಿಸಿ, ಉಳಿದ ದಿನ ವಕೀಲರು ಯೋಚಿಸಲಿ.

ಎರಡು, ಹದಿನಾಲ್ಕು ತಿಂಗಳು. ದುಃಖಕ್ಕೆ ಐದು ಮೆಟ್ಟಿಲು ಇದೆ, ಹತ್ತಿ ಮುಗಿಸಬೇಕು ಅಂತ ಎಲ್ಲಾದರೂ ಓದಿದ್ದರೆ ಬಿಟ್ಟುಬಿಡಿ. 1969ರಲ್ಲಿ ಎಲಿಸಬೆತ್ ಕೂಬ್ಲರ್ ರಾಸ್ ಅದನ್ನು ಬರೆದದ್ದು ಸಾವಿನ ದಿನ ಎಣಿಸುತ್ತಿದ್ದ ರೋಗಿಗಳನ್ನು ನೋಡಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ನೆದರ್‌ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ 1999ರಲ್ಲಿ ಹೇಳಿದ ಮಾತು. ದುಃಖದಲ್ಲಿರುವವರು ಉಯ್ಯಾಲೆಯ ಹಾಗೆ ಹೋಗಿ ಬರುತ್ತಿರುತ್ತಾರೆ. ಒಂದು ಹೊತ್ತು ಹೋದವರ ನೆನಪಿನಲ್ಲಿ, ಇನ್ನೊಂದು ಹೊತ್ತು ಗ್ಯಾಸ್ ಬುಕ್ ಮಾಡುವುದರಲ್ಲಿ. ಹೋಗಿ ಬರುತ್ತಿದ್ದರೆ ಚಿಂತೆಯಿಲ್ಲ, ಉಯ್ಯಾಲೆ ಒಂದೇ ಕಡೆ ಸಿಕ್ಕಿಕೊಂಡರೆ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆರು ತಿಂಗಳು, ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಲ್ಲಿ ದೊಡ್ಡವರಿಗೆ ಒಂದು ವರ್ಷ ದಾಟಿದ ಮೇಲೂ ದಿನದ ಕೆಲಸ ನಡೆಯದಷ್ಟು ಹಂಬಲ, ಸಂಕಟ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು ಅನ್ನುತ್ತಾರೆ. ನಿಮಗೆ ಅಷ್ಟಾಗಿದೆಯಾ ಅಂತ ಪತ್ರ ನೋಡಿ ನಾನು ಹೇಳಲಾರೆ. ಎದುರು ಕೂತು ಮಾತಾಡುವವರು ಬೇಕು. ರಾತ್ರಿ ಹೊತ್ತು ತಲೆ ತಿರುಗತೊಡಗಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸಾವಾದ ಮನೆಗೆ ಹೋಗುವುದಕ್ಕೆ ನಾವು ‘ಮಾತಾಡಿಸಿಕೊಂಡು ಬರುವುದು’ ಅನ್ನುತ್ತೇವೆ. ಹದಿಮೂರು ದಿನ ಜನ ಬರುತ್ತಾರೆ, ಮಾತಾಡಿಸುತ್ತಾರೆ. ಆಮೇಲೆ ಮನೆ ಖಾಲಿ. ಹದಿನಾಲ್ಕನೇ ತಿಂಗಳಲ್ಲಿ ಯಾರೂ ಬರುವುದಿಲ್ಲ. ಅತ್ತಿಗೆಯ ಮುಂದೆ, ಅಮ್ಮನ ಮುಂದೆ ಅವನ ವಿಷಯ ಎತ್ತಿದರೆ ಅಳುತ್ತಾರೆ ಅಂತ ನೀವು ಎತ್ತುವುದಿಲ್ಲ. ನೀವು ಅಳುತ್ತೀರಿ ಅಂತ ಅವರು ಎತ್ತುವುದಿಲ್ಲ. ಈ ಭಾನುವಾರ ಹೋಗಿ ಎತ್ತಿ ನೋಡಿ. ಅಳಲಿ.

ಮೂರನೆಯದು ನಾನು ಪತ್ರದಿಂದ ತೆಗೆದ ಭಾಗ. ಅದರಲ್ಲಿ ಡ್ರೈವರ್‌ನ ಹೆಸರಿತ್ತು. ಅವನ ಊರು, ಲಾರಿ ನಂಬರ್ ಇತ್ತು. ಬೆಳಿಗ್ಗೆ ಯಾವ ಹೋಟೆಲಿನಲ್ಲಿ ಚಹಾ ಕುಡಿಯುತ್ತಾನೆ ಅನ್ನುವುದೂ ಇತ್ತು. ಅಲ್ಲಿಗೆ ಹೋಗಿ ನಿಂತಿದ್ದೀರಾ ಅಂತ ಕೇಳುವುದಿಲ್ಲ. ಇನ್ನು ಮುಂದೆ ಹೋಗಬೇಕು ಅನಿಸಿದರೆ ಯಜಮಾನರಿಗೆ ಹೇಳಿ. ಆ ದಿನ ತಿರುಗಿ ಮುಖ ನೋಡಿದರಲ್ಲ, ಅವರಿಗೆ ಅರ್ಧ ಗೊತ್ತಾಗಿದೆ.

ಎಲಿ ಸಿಯಾಟಲ್‌ಗೆ ಹೊರಡುವ ಮೊದಲು ಜೋಯೆಲ್‌ನ ಸಮಾಧಿ ಮೇಲೆ ಒಂದು ಹಿಡಿ ಕಾಫಿ ಬೀಜ ಹಾಕುತ್ತಾಳೆ. ಕಾಫಿ ಅಂದರೆ ಅವನಿಗೆ ಪ್ರಾಣ, ಆ ಲೋಕದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಿಮ್ಮ ಅಣ್ಣನಿಗೆ ಏನಿಷ್ಟವಿತ್ತು? ನಿಮ್ಮಿಬ್ಬರ ನಡುವೆ ಕೊನೆಗೆ ಏನು ಮಾತಾಗಿತ್ತು, ಯಾವ ಮಾತು ಅರ್ಧಕ್ಕೆ ನಿಂತಿತು? ಮೂರು ಹಾಳೆಯ ಪತ್ರವನ್ನು ಎರಡು ಸಲ ಹುಡುಕಿದೆ. ಅವನ ಹೆಸರು ಕೂಡ ಅದರಲ್ಲಿ ಇಲ್ಲ. ಇನ್ನೊಂದು ಪತ್ರ ಬರೆಯಿರಿ. ಅದನ್ನು ನಾನು ಎಲ್ಲೂ ಹಾಕುವುದಿಲ್ಲ.